ಎಣ್ಣೆ ಹಾಕದ ತಟ್ಟೆ

"ಯಾವುದಕ್ಕಿಂತ?" ಎಂಬ ಒಂದೇ ಪ್ರಶ್ನೆಯಿಂದ ನಮ್ಮ ಚಿಕ್ಕಮ್ಮ ಎಂಥ ಹೊಗಳಿಕೆಯನ್ನೂ ನೆಲಕ್ಕಿಳಿಸಿಬಿಡುತ್ತಿದ್ದಳು. ಕಾಫಿ ಚೆನ್ನಾಗಿದೆ ಎಂದರೂ ಅದೇ ಪ್ರಶ್ನೆ, ಇವತ್ತು ಸೆಖೆ ಜಾಸ್ತಿ ಎಂದರೂ ಅದೇ. ನೆಂಟರ ಮಗು ಲಕ್ಷಣವಾಗಿದೆ ಎಂದಾಗಲೂ ಹಾಗೇ ಕೇಳಿದ್ದಕ್ಕೆ ಮಗುವಿನ ತಾಯಿ ಮುಖ ಊದಿಸಿಕೊಂಡು ಎದ್ದುಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಪಾಪ, ಚುಚ್ಚುವ ಉದ್ದೇಶ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಗಿಡಮೂಲಿಕೆಗಳಿಂದ ಇಳಿಸಿದ ಸುಗಂಧ ತೈಲಗಳು ಬೂಷ್ಟನ್ನು ತಡೆಯುತ್ತವೆಯೇ ಎಂದು ಪರೀಕ್ಷಿಸುವುದು ಅವಳ ಕಸುಬು. ಎಣ್ಣೆ ಹಾಕಿದ ತಟ್ಟೆಯ ಜೊತೆಗೆ ಎಣ್ಣೆ ಹಾಕದ ತಟ್ಟೆಯೊಂದನ್ನೂ ಇಟ್ಟು ನೋಡದ ಹೊರತು ಅವಳ ಪಾಲಿಗೆ ಯಾವ ಮಾತೂ ಮಾತಲ್ಲ.

ಕೈ ಬರಿದಾಗಿದ್ದಾಗಲೂ ತುಂಬಿದ ಪಾತ್ರೆ ಹಿಡಿದವಳಂತೆ ತುಸು ಮುಂದಕ್ಕೆ ಬಾಗಿ, ತುಳುಕೀತೆಂಬ ಭಯದಿಂದ ಮೆತ್ತಗೆ ನಡೆಯುತ್ತಿದ್ದಳು. ಬಿಳಿ ಕೋಟು (ಬಿಳಿ ಎನ್ನುವುದು ಮರ್ಯಾದೆಗೆ) ಓಮ, ಪುದೀನ, ನಿಂಬೆಹುಲ್ಲುಗಳ ಘಾಟನ್ನು ಕುಡಿದು ಕುಡಿದು ತಾನೇ ಒಂದು ಔಷಧವಾಗಿತ್ತು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಸದಾ ಖಾಲಿ. "ನೆಗಡಿ ಇದ್ದೋರು ಮಾತ್ರ ಹುಡುಕ್ಕೊಂಡು ಬಂದು ಕೂರ್ತಾರೆ" ಎಂದು ನಗುತ್ತಿದ್ದಳು.

ಅವಳ ಅಕ್ಕ, ಎಂದರೆ ನನ್ನ ಅಮ್ಮ, ನಾಟಕಶಾಲೆಯೊಂದರ ಉಡುಪಿನ ಕೋಣೆಗೆ ಒಡತಿ. ಅಲ್ಲಿನ ರಾಜರ ಮಖಮಲ್ಲಿನ ನಿಲುವಂಗಿಗಳೂ ಸೈನಿಕರ ಅಂಗಿಗಳೂ ಅವಳ ಸೂಜಿಯಿಂದಲೇ ಹುಟ್ಟಿದವು. ಒಮ್ಮೆ ಚಾವಣಿ ಸೋರಿ ಅವಕ್ಕೆಲ್ಲ ಬೂಷ್ಟು ಹಿಡಿಯಿತು. "ನಟರಿಗೆ ಕೆಮ್ಮು ಬರುತ್ತೆ, ಎಲ್ಲಾ ಸುಟ್ಟುಬಿಡಿ" ಎಂದ ಮ್ಯಾನೇಜರು. ಅಮ್ಮ ತಂಗಿಯ ಎರಡೂ ಕೈ ಹಿಡಿದುಕೊಂಡಳು: "ನಿನ್ನ ಎಣ್ಣೆ ಇನ್ಯಾವ ಕಾಲಕ್ಕೆ ಬರೋದು ಕಣೇ?"

ಎಣ್ಣೆ ತಾಗಿದರೆ ಮಖಮಲ್ಲಿಗೆ ಕಲೆ. ಆದ್ದರಿಂದ ಬೂಷ್ಟು ಹಿಡಿದ ಬಟ್ಟೆಯ ಚೂರುಗಳನ್ನು ತಟ್ಟೆಯಲ್ಲಿಟ್ಟು, ಓಮದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತಾಗದಂತೆ ಮುಚ್ಚಳಕ್ಕೆ ಅಂಟಿಸಿ, ಚಿಕ್ಕಮ್ಮ ಬರೀ ಆವಿಯನ್ನು ಪರೀಕ್ಷಿಸಿದಳು. ವಾರ ಕಳೆದರೂ ಬೂಷ್ಟು ಒಂದಿಷ್ಟೂ ಹಬ್ಬಲಿಲ್ಲ. ಸುದ್ದಿ ಕೇಳಿದ ಅಮ್ಮ ಸಂಭ್ರಮದಿಂದ ಓಡಿಹೋಗಿ ಮ್ಯಾನೇಜರನ್ನು ಒಪ್ಪಿಸಿಯೂ ಬಂದಳು. ಸಂಜೆ ಚಿಕ್ಕಮ್ಮ ಕೋಟನ್ನೂ ಕಳಚದೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾ, ತಪ್ಪಾಗೋಯ್ತು. ಎಣ್ಣೆ ಹಾಕದ ತಟ್ಟೇಲೂ ಬೂಷ್ಟು ಬೆಳೆದಿಲ್ಲ. ನಿನ್ನ ಅವಸರಕ್ಕೆ ನಾನೂ ಅವಸರ ಮಾಡಿ, ಎರಡನ್ನೂ ಒಂದೇ ಪೆಟ್ಟಿಗೇಲಿ ಇಟ್ಟುಬಿಟ್ಟೆ. ಆವಿ ಆ ಕಡೆಗೂ ಹೋಯ್ತೋ, ಇಲ್ಲ ಚೂರಲ್ಲಿದ್ದ ಬೂಷ್ಟಿಗೆ ಮೊದಲೇ ಜೀವ ಇರ್ಲಿಲ್ವೋ, ನಂಗೊತ್ತಿಲ್ಲ."

"ಬೆಳೀಲಿಲ್ಲ ತಾನೇ? ಬಾಯ್ಮುಚ್ಕೊಂಡು ಇರೇ ತಾಯಿ!"

"ಆಗಲ್ಲ ಅಕ್ಕ."

ಅಮ್ಮ ಮಾತು ಬಿಟ್ಟಳು. ಚಿಕ್ಕಮ್ಮ ದಿನವೂ ಬಂದು, ಮಾತಾಡದ ಅಕ್ಕನ ಎದುರು ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿದ್ದಳು. ತಟ್ಟೆಗಳನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು ಪರೀಕ್ಷೆಯನ್ನು ಮೊದಲಿಂದ ಮಾಡಿದಾಗ, ಎಣ್ಣೆಯಿಲ್ಲದ ಕಡೆ ಬೂಷ್ಟು ಹುಲುಸಾಗಿ ಬೆಳೆಯಿತು, ಆವಿ ಇದ್ದ ಕಡೆ ಬೆಳೆಯಲಿಲ್ಲ. ಆದರೆ ಹತ್ತಿ ತೆಗೆದ ಕೆಲವೇ ದಿನಕ್ಕೆ ಅಲ್ಲೂ ಮೆಲ್ಲಗೆ ತಲೆ ಎತ್ತಿತು. ಅದನ್ನೂ ಬಂದು ಹೇಳಿದಳು ಮಹಾರಾಯಿತಿ! "ಸಾಯಲ್ಲ ಅಕ್ಕ, ಸುಮ್ನಿರುತ್ತೆ ಅಷ್ಟೆ. ಚೆನ್ನಾಗಿ ಒಣಗಿಸಿ, ಬ್ರಷ್ಷಲ್ಲಿ ತೆಗೆದು, ಮುಚ್ಚಿದ ಬೀರುವಲ್ಲಿಟ್ಟು ಹತ್ತಿ ಬದಲಾಯಿಸ್ತಾ ಇರಬೇಕು. ತೀರಾ ನೆಂದಿರೋದನ್ನ ಬಿಡಲೇಬೇಕು."

ಇಬ್ಬರೂ ಉಡುಪಿನ ಕೋಣೆಯಲ್ಲಿ ನಿಂತು ಒಂದೊಂದನ್ನೇ ಎತ್ತಿ ನೋಡಿದರು. ಅಮ್ಮ ಹರೆಯದಲ್ಲಿ ಮೊಟ್ಟಮೊದಲು ಹೊಲಿದ ರಾಣಿಯ ನಿಲುವಂಗಿ ಬಂತು. "ಇದು?" ಎಂದಳು ಅಮ್ಮ. ಚಿಕ್ಕಮ್ಮ ಒಳಮೈ ಹೊರಳಿಸಿ ನೋಡಿದಳು, ಕಣ್ಣು ತುಂಬಿತ್ತು. "ಇದು ಉಳಿಯಲ್ಲ ಅಕ್ಕ." ಅಮ್ಮ ಅದನ್ನು ಒಮ್ಮೆ ಸವರಿ, ತಾನೇ ಸುಡುವ ರಾಶಿಗೆ ಹಾಕಿ, ಮುಂದಿನದನ್ನು ಎತ್ತಿದಳು. "ಇದು ಉಳಿಯುತ್ತೆ" ಎಂದಳು ಚಿಕ್ಕಮ್ಮ. ಬಾಗಿಲಲ್ಲಿದ್ದ ಮ್ಯಾನೇಜರು "ಗ್ಯಾರಂಟಿನಾ?" ಎಂದು ರಾಗ ಎಳೆದ. ಅಷ್ಟು ದಿನ ಮುನಿದಿದ್ದ ಅಮ್ಮ ಗಿರ್ರನೆ ತಿರುಗಿದಳು: "ನನ್ನ ತಂಗಿ ಉಳಿಯುತ್ತೆ ಅಂದ್ರೆ ಉಳಿಯುತ್ತೆ ಸ್ವಾಮಿ!"

ನಮ್ಮನ್ನು ಖುಷಿಪಡಿಸಲೆಂದು ಒಂದು ಮಾತನ್ನೂ ಆಡದ ಇಂಥವರು ಅಲ್ಲಲ್ಲಿ ಇರುತ್ತಾರೆ. ಅವರೊಂದಿಗೆ ಬಾಳುವುದು ಸುಲಭವಲ್ಲ, ಮದುವೆಮನೆಗಂತೂ ಕರೆಯಲೇಬಾರದು. ಆದರೂ ನಮ್ಮ ಪ್ರಾಣಕ್ಕಿಂತ ಹೆಚ್ಚಿನದೊಂದು ಅಳಿವು ಉಳಿವಿನ ನಡುವೆ ನಿಂತಾಗ, ನಾವು ಓಡುವುದು ಅವರ ಬಾಗಿಲಿಗೇ.