ಡಬ್ಬಿಯೊಳಗಿನ ನಾಲ್ಕು ಹಲ್ಲು

ನನ್ನ ತಂಗಿ ಲೆವರ್ನ್ ಡರ್ಬನ್ನಿನಲ್ಲಿ ಹಲ್ಲಿನ ಚಿಕಿತ್ಸೆಯ ಡಿಗ್ರಿ ಓದುತ್ತಿದ್ದಾಳೆ. ಡಾಕ್ಟರಲ್ಲ, ತಪ್ಪು ತಿಳಿಯಬೇಡಿ. ಹಲ್ಲು ಕೀಳಬಹುದು, ಹುಳುಕು ತುಂಬಬಹುದು, ಕೊಳೆ ತೆಗೆಯಬಹುದು. ಅದಕ್ಕಿಂತ ಆಳಕ್ಕೆ ಹೋದರೆ ದೊಡ್ಡ ಡಾಕ್ಟರ ಹತ್ತಿರ ಕಳಿಸಬೇಕು. ಆದರೆ ಕೇಪ್‌ಟೌನಿನಲ್ಲಿ ಬಸ್ಸಿಳಿದು ನಮ್ಮ ಹ್ಯಾನೋವರ್ ಪಾರ್ಕಿನ ವಠಾರಕ್ಕೆ ಕಾಲಿಟ್ಟಳೆಂದರೆ ಆಫ್ರಿಕಾದ ಬಾಯಿಗೆಲ್ಲ ಇವಳೇ ಯಜಮಾನಿ. ಕಳೆದ ರಜೆಯಲ್ಲಿ ಪಕ್ಕದ ಮನೆಯ ಗಾವಾ ಆಂಟಿ ಪಾಕ ಸೋರುವ ಕೂಸಿಸ್ಟರ್ ಎಂಬ ಕರಿದ ಸಿಹಿ ತಂದುಕೊಟ್ಟರೆ, ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಸಕ್ಕರೆಯ ಮೇಲೆ ಭಾಷಣ ಬಿಗಿದಳು. ಭಾಷಣ ಮುಗಿಸಿ ಮೂರು ತಿಂದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಆ ಬಾಯಲ್ಲಿ ಮೇಲಿನ ಮುಂದಿನ ನಾಲ್ಕು ಹಲ್ಲಿಲ್ಲ. ನನ್ನ ಬಾಯಲ್ಲೂ ಇಲ್ಲ. ನಮ್ಮ ಕಡೆ ಹರೆಯ ಬಂದೊಡನೆ ಗಟ್ಟಿಮುಟ್ಟಾದ ಹಲ್ಲನ್ನೇ ಕೀಳಿಸಿಕೊಳ್ಳುತ್ತಾರೆ, ಚೆಂದವಂತೆ. ನನಗೂ ಆಗ ಚೆಂದವೇ ಕಂಡಿತ್ತು. ಈಗ ಸೂಪರ್‌ಮಾರ್ಕೆಟ್ಟಿನ ಹಿಂದಿನ ಕೋಣೆಯಲ್ಲಿ ಮೀನು ಕೊಯ್ಯುತ್ತೇನೆ. ಕೌಂಟರಿನ ಕೆಲಸ ಕೇಳಿದ್ದಕ್ಕೆ ಮ್ಯಾನೇಜರ್ ನನ್ನ ಬಾಯಿಯನ್ನೇ ನೋಡಿ, "ನೀವು ಹಿಂದೇನೇ ಇರಿ ಬ್ಯೂಲಾ, ಅಲ್ಲೇ ಸರಿ" ಎಂದ. ಮುಖವಿಲ್ಲದ ಮೀನಿನ ಜೊತೆ ಬಾಯಿಲ್ಲದ ಹೆಂಗಸು ಸರಿಹೋಗುತ್ತಾಳೆ ಎಂದುಕೊಂಡಿರಬೇಕು, ದರಿದ್ರದವನು.

ಹಾಗಾಗಿ ನನ್ನ ಮಗಳು ಜೋಡೀನ್, "ಶಾಲೆಯ ಕೊನೆ ವರ್ಷದ ಡ್ಯಾನ್ಸಿಗೆ ಮುಂಚೆ ನಾಲ್ಕೂ ಕೀಳಿಸ್ಕೋತೀನಿ" ಎಂದಾಗ ಬೇಡವೇ ಬೇಡ ಎಂದೆ. ಬೈದೆ, ಬೇಡಿಕೊಂಡೆ. ಕೇಳಲಿಲ್ಲ. ಕೊನೆಗೆ ಮನಸ್ಸಿಲ್ಲದಿದ್ದರೂ ಲೆವರ್ನಳಿಗೆ ಫೋನ್ ಮಾಡಿ, "ನೀನು ಓದಿರೋಳು, ನೀನೇ ಬಂದು ಬುದ್ಧಿ ಹೇಳು" ಎಂದೆ.

ಬಂದಳು, ಪ್ಲಾಸ್ಟಿಕ್ಕಿನ ದವಡೆಯೊಂದನ್ನು ಹೊತ್ತುಕೊಂಡು. ಹಲ್ಲು ಹೋದರೆ ಮೂಳೆ ಹೇಗೆ ಸವೆಯುತ್ತದೆ, ಅಕ್ಕಪಕ್ಕದ ಹಲ್ಲು ಹೇಗೆ ವಾಲುತ್ತವೆ, ಎಲ್ಲ ತೋರಿಸಿದಳು. ಜೋಡೀನ್ ಕೆನ್ನೆಗೆ ಕೈಕೊಟ್ಟು ಕೇಳಿದಳು.

"ಆಯ್ತು ಚಿಕ್ಕಿ. ಆದ್ರೆ ನಿಂಗೂ ಇಲ್ವಲ್ಲ. ಆದ್ರೂ ಯೂನಿವರ್ಸಿಟಿಗೆ ಹೋದೆ. ನಿಂಗೇನ್ ಕಮ್ಮಿ ಆಗಿದೆ ಹೇಳು?"

ನಮ್ಮ ಪಂಡಿತೆ ಆ ದವಡೆಯನ್ನು ತೆರೆದಳು, ಮುಚ್ಚಿದಳು.

ಉತ್ತರ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ನನಗೆ ಸಿಕ್ಕಿತು. ಸೋಪು ಹುಡುಕುತ್ತ ಅವಳ ಚೀಲಕ್ಕೆ ಕೈ ಹಾಕಿದೆ. ಮಾರ್ಗರೀನಿನ ಹಳೆಯ ಡಬ್ಬಿ. ಅದರೊಳಗೆ ನೀರಲ್ಲಿ ನಾಲ್ಕು ಕಟ್ಟಿಸಿದ ಹಲ್ಲು, ಗುಲಾಬಿ ವಸಡಿನ ಸಮೇತ. ನನಗೆ ನಗು ತಡೆಯಲಾಗಲಿಲ್ಲ. ಕಾಲೇಜಿಗೊಂದು ಬಾಯಿ, ನಮಗೊಂದು ಬಾಯಿ!

ಅದು ಭಾನುವಾರ. ಮಧ್ಯಾಹ್ನದ ಊಟಕ್ಕೆ ಗಾವಾ ಆಂಟಿಯೂ ಬಂದಿದ್ದರು. ಮಟನ್ ಸಾರಿನ ಪಾತ್ರೆಯ ಪಕ್ಕದಲ್ಲೇ ಆ ಡಬ್ಬಿಯನ್ನು ಕುಕ್ಕಿದೆ.

"ಹಾಕ್ಕೋ. ನಿನ್ನ ಕಾಲೇಜಿನ ಬಾಯಿ ನಾವೂ ಒಂದ್ಸಲ ನೋಡೋಣ."

"ಬೇಡ ಅಕ್ಕ. ಎಲ್ರ ಮುಂದೆ ಬೇಡ."

"ಯಾಕೆ, ಆಂಟಿ ಮುಂದೆ ನಾಚ್ಕೆನಾ? ಬಸ್ ಸ್ಟ್ಯಾಂಡಲ್ಲಿ ಕಳಚ್ಕೊಂಡು ಬರ್ತೀಯೇನೆ?"

ಅವಳ ಕಣ್ಣು ತುಂಬಿತು. "ಹೌದು, ಅಲ್ಲೇ ಕಳಚ್ತೀನಿ. ಎರಡನೇ ವರ್ಷದಲ್ಲಿ ಒಬ್ಬ ಪೇಷೆಂಟು ನನ್ನ ಬಾಯಿ ನೋಡಿ ಕುರ್ಚಿಯಿಂದ ಎದ್ದೇ ಹೋದ. ಹಲ್ಲು ಕಟ್ಟಿಸ್ಕೊಂಡ್ರೆ ಮಾತ್ರ ಕ್ಲಿನಿಕ್ಕಿಗೆ ಬಾ ಅಂದ್ರು ನಮ್ಮ ಕಾಲೇಜಿನ ಮೇಡಂ. ಇಲ್ಲಿಗೆ ಹಾಕ್ಕೊಂಡು ಬಂದಿದ್ರೆ ನೀನೇ ಏನಂತಿದ್ದೆ? ಬಿಳಿ ದೊರೆಸಾನಿ ಬಂದ್ಲು ಅಂತಿದ್ದೆ."

ಅಂತಿದ್ದೆ, ಸುಳ್ಳೇಕೆ. ಆದರೂ ಬಿಡಲಿಲ್ಲ. "ಹಾಕ್ಕೋ."

ಹಾಕಿಕೊಂಡಳು. ಬ್ಯಾಂಕಿನ ಪೋಸ್ಟರಿನಲ್ಲಿ ನಗುವ ಹೆಂಗಸಿನ ಹಾಗೆ ಕಂಡಳು. ನಾನು ಗೆದ್ದ ಖುಷಿಯಲ್ಲಿ ಮಗಳ ಕಡೆ ತಿರುಗಿದೆ. "ನೋಡಿದ್ಯಾ? ಅಲ್ಲಿ ಹಲ್ಲಿಲ್ದೆ ಇವಳಿಗೂ ನಡೆಯಲ್ಲ. ಹಲ್ಲಿಲ್ದೋರನ್ನ ಅಲ್ಲಿ ಬಾಗಿಲೊಳಗೂ ಬಿಡಲ್ಲ."

ಜೋಡೀನ್ ನನ್ನ ಕಡೆ ನೋಡಲೇ ಇಲ್ಲ. "ಚಿಕ್ಕಿ, ಅಲ್ಲಿ ನಿನ್ನ ಸ್ನೇಹಿತರಿಗೆ ನಮ್ಮಮ್ಮನ ಫೋಟೋ ತೋರ್ಸಿದ್ಯಾ?"

ಲೆವರ್ನ್ ಕಣ್ಣು ತಪ್ಪಿಸಿ ಖಾಲಿ ಡಬ್ಬಿಗೆ ಮುಚ್ಚಳ ಹಾಕಿದಳು. ಗಾವಾ ಆಂಟಿ ಸಾರು ಬಡಿಸತೊಡಗಿದರು, ಯಾರೂ ಕೇಳದಿದ್ದರೂ.

ತಂಗಿ ಅಂದು ಸಂಜೆಯೇ ಹೊರಟಳು. ಮೊದಲ ಸಲ ಹಲ್ಲು ಹಾಕಿಕೊಂಡೇ ನಮ್ಮ ಮೆಟ್ಟಿಲಿಳಿದಳು. ಹೋಗಲಿ ಪೀಡೆ, ಮಗಳ ಹಲ್ಲು ಉಳಿಯಿತಲ್ಲ ಎಂದುಕೊಂಡೆ.

ಮುಂದಿನ ಶನಿವಾರ ಕೆಲಸ ಮುಗಿಸಿ ಬಂದಾಗ ಜೋಡೀನ್ ಅಡುಗೆಮನೆಯಲ್ಲಿ ಕೂತಿದ್ದಳು. ಬಾಯಿಗೆ ಒತ್ತಿ ಹಿಡಿದ ಬಟ್ಟೆ ಕೆಂಪಾಗಿತ್ತು. ಕಾಸು ಕೊಟ್ಟರೆ ಯಾರ ಹಲ್ಲನ್ನಾದರೂ ಕೀಳುವ ಪುಣ್ಯಾತ್ಮನೊಬ್ಬ ಮೇನ್ ರೋಡಿನಲ್ಲಿದ್ದಾನೆ. ಹೊಡೆಯಲು ಕೈ ಎತ್ತಿದೆ.

"ಹೊಡಿ," ಎಂದಳು, ಮಾತು ತೊದಲುತ್ತಿತ್ತು. "ನಿನ್ನನ್ನ ಬಚ್ಚಿಟ್ಟು ಓದೋ ಕಾಲೇಜು ನಂಗೆ ಬೇಡಮ್ಮ. ನಾನೆಲ್ಲಿಗೆ ಹೋದ್ರೂ ನಿನ್ನ ಮಗಳು ಅಂತ ಗೊತ್ತಾಗ್ಬೇಕು."

ಎತ್ತಿದ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ಬಟ್ಟೆ ಸರಿಸಿ, ರಕ್ತದ ಬಾಯಲ್ಲೇ ನಕ್ಕಳು.

"ಹೇಗ್ ಕಾಣ್ತೀನಿ?"

"ನನ್ನ ಥರಾನೇ," ಎಂದೆ.

ಅವಳಿಗೆ ತುಂಬ ಖುಷಿಯಾಯಿತು.