ಭಾನುವಾರದ ರೋಗಿ

ಪ್ರಾಯೋಗಿಕ ಪರೀಕ್ಷೆ ಯಾವಾಗಲೂ ಭಾನುವಾರವೇ. ಹೊರಗಿನಿಂದ ಬರುವ ಪರೀಕ್ಷಕರಿಗೆ ಉಳಿದ ಆರು ದಿನ ಮೂರು ಆಸ್ಪತ್ರೆಗಳಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆದರೆ ಪರೀಕ್ಷೆ ನಡೆಯುವ ಆಸ್ಪತ್ರೆಯಲ್ಲಿ ಭಾನುವಾರ ಹೊರರೋಗಿ ವಿಭಾಗಕ್ಕೆ ರಜೆ. ತುರ್ತು ಘಟಕದ ಯಂತ್ರ ಬೇರೆ, ಅಲ್ಲಿಗೆ ವಿದ್ಯಾರ್ಥಿಗಳನ್ನು ಬಿಡುವುದಿಲ್ಲ. ರೋಗಿಗಳೇ ಇಲ್ಲದ ದಿನ ಎಕ್ಸ್‌ರೇ ಪರೀಕ್ಷೆ ಹೇಗೆ ನಡೆಸುತ್ತೀರಿ ಎಂದು ಕೇಳುವಷ್ಟು ಬುದ್ಧಿಯನ್ನು ಹನ್ನೊಂದು ವರ್ಷಗಳಲ್ಲಿ ಯಾರೂ ಖರ್ಚು ಮಾಡಿರಲಿಲ್ಲ. ಕೇಳಿದ್ದರೂ ಉತ್ತರ ಸಿದ್ಧವಿತ್ತು. ಉತ್ತರವನ್ನು ಎಲ್ಲರೂ ಎದೆಯಣ್ಣ ಎಂದು ಕರೆಯುತ್ತಿದ್ದರು.

ಎದೆಯಣ್ಣ ಎಕ್ಸ್‌ರೇ ತಂತ್ರಜ್ಞರನ್ನು ತಯಾರಿಸುವ ಆ ಕಾಲೇಜಿನ ಜವಾನ. ಬೆಳಿಗ್ಗೆ ಬೀಗ ತೆಗೆಯುವುದು, ಗಂಟೆ ಹೊಡೆಯುವುದು, ಪ್ರಿನ್ಸಿಪಾಲರ ಕೊಡೆಯನ್ನು ಮರೆತ ಜಾಗದಿಂದ ಹುಡುಕಿ ತರುವುದು ಅವನ ಕೆಲಸ. ಮೊದಲ ವರ್ಷದ ಪರೀಕ್ಷೆಯ ದಿನ ಪ್ರಿನ್ಸಿಪಾಲರು ಗಾಬರಿಯಲ್ಲಿ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ, ಅಂಗಿ ಬಿಚ್ಚಿಸಿ, ಎಕ್ಸ್‌ರೇ ಫಲಕದ ಮುಂದೆ ನಿಲ್ಲಿಸಿದ್ದರು. ಆ ದಿನ ಬರೀ ಎದೆ. ಆಮೇಲೆ ಪಠ್ಯಕ್ರಮ ಬೆಳೆಯಿತು, ಅದರ ಜೊತೆಗೆ ಎದೆಯಣ್ಣನೂ ಬೆಳೆದ: ಮಣಿಕಟ್ಟು, ಮೊಣಕೈ, ಮಂಡಿ, ತಲೆಬುರುಡೆ, ಕುತ್ತಿಗೆ, ಸೊಂಟ. ಹೆಸರು ಮಾತ್ರ ಎದೆಯಲ್ಲೇ ನಿಂತಿತು.

ಈ ಸಲ ಪರೀಕ್ಷೆಗೆ ಕೂತವರು ಇಪ್ಪತ್ತನಾಲ್ಕು ಜನ. ಹದಿನೈದನೆಯವಳನ್ನು ಗೆಳತಿಯರು ಇಂಚುಪಟ್ಟಿ ಎಂದು ಕರೆಯುತ್ತಿದ್ದರು. ಅವಳ ಅಮ್ಮ ದರ್ಜಿ. ಯಂತ್ರಕ್ಕೂ ಫಲಕಕ್ಕೂ ನೂರು ಸೆಂಟಿಮೀಟರ್ ದೂರವಿರಬೇಕು ಎಂದು ಪಾಠದಲ್ಲಿ ಬಂದಾಗ, ಕಾಲೇಜಿನ ಯಂತ್ರದ ಅಳತೆಗೋಲು ಮುರಿದು ಹೋಗಿದ್ದರಿಂದ, ಅವಳು ಅಮ್ಮನ ಹೊಲಿಗೆಯ ಟೇಪು ತಂದು ಅಳೆದಿದ್ದಳು. ಇಡೀ ತರಗತಿ ನಕ್ಕಿತ್ತು. ಅಳತೆಗೋಲು ಮಾತ್ರವಲ್ಲ, ಯಂತ್ರವೇ ಸತ್ತು ನಾಲ್ಕು ವರ್ಷವಾಗಿದೆ, ಸತ್ತದ್ದರ ದೂರ ಅಳೆಯುತ್ತಿದ್ದಾಳಲ್ಲ ಎಂದು. ಆ ಯಂತ್ರದ ಗುಂಡಿ ಒತ್ತಿದರೆ ಹಸಿರು ದೀಪ ಮಾತ್ರ ಹತ್ತುತ್ತಿತ್ತು. ಅದನ್ನೇ ನೋಡುತ್ತ ಅವರು ಮೂರು ವರ್ಷ ಓದಿದರು.

ಆಸ್ಪತ್ರೆಯ ತರಬೇತಿ ಎಂದರೆ ಬೇರೆ ತಮಾಷೆ. ಅಲ್ಲಿ ಜೀವಂತ ಯಂತ್ರ ಇತ್ತು. ಅದನ್ನು ಮುಟ್ಟುವ ಹಕ್ಕು ಹಿರಿಯ ಟೆಕ್ನಿಷಿಯನ್‌ಗೆ. ವಿದ್ಯಾರ್ಥಿಗಳಿಗೆ ಗಾಲಿಕುರ್ಚಿ ತಳ್ಳುವ ಹಕ್ಕು, ರೋಗಿಗಳ ಹೆಸರು ಕೂಗುವ ಹಕ್ಕು, ಹಿರಿಯ ಟೆಕ್ನಿಷಿಯನ್‌ನ ಫೋನನ್ನು ಚಾರ್ಜಿಗೆ ಹಾಕುವ ಹಕ್ಕು. ತರಬೇತಿ ಪುಸ್ತಕದಲ್ಲಿ ಇನ್ನೂರು ಚಿತ್ರ ತೆಗೆದಿದ್ದೇನೆ ಎಂದು ಬರೆಯಬೇಕಿತ್ತು. ಹಿಂದಿನ ವರ್ಷದ ಅಕ್ಕಂದಿರ ಪುಸ್ತಕ ನೋಡಿ ಎಲ್ಲರೂ ಬರೆದರು. ಇಂಚುಪಟ್ಟಿಯೂ ಬರೆದಳು. ನಿಜಕ್ಕೂ ತೆಗೆದದ್ದು ಮೂವತ್ತೊಂದು. ಉಳಿದ ನೂರ ಅರವತ್ತೊಂಬತ್ತು ರೋಗಿಗಳಿಗೆ ವಯಸ್ಸು ಹುಟ್ಟಿಸಿ ಹಾಕುವಾಗ ಅವಳಿಗೆ ಯಾವ ಪಾಪಪ್ರಜ್ಞೆಯೂ ಕಾಡಲಿಲ್ಲ. ಆ ರೋಗಿಗಳಿಗೆ ಮೈ ಇರಲಿಲ್ಲ, ಅಷ್ಟೆ.

ಮನೆಯಲ್ಲಿ ಸೋದರಮಾವನ ಕಾಟ. ಅವನದು ಫೋಟೋ ಸ್ಟುಡಿಯೋ. "ಫೋಟೋ ತೆಗೆಯೋಕೆ ಮೂರು ವರ್ಷ ಓದ್ಬೇಕಾ? ನಾನು ಐದು ನಿಮಿಷದಲ್ಲಿ ಪಾಸ್‌ಪೋರ್ಟ್ ಸೈಜು ಎಂಟು ಕಾಪಿ ಕೊಡ್ತೀನಿ," ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. "ನೀನು ಫೇಲಾದ್ರೆ ಚಿಂತೆ ಬೇಡ, ನನ್ನ ಅಂಗಡೀಲಿ ಜನರ ಮೊಡವೆ ಅಳಿಸ್ಕೊಂಡು ಇರು." ಅಮ್ಮ ಕಾಲಿನಿಂದ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು. ಅದೇ ಅವಳ ಉತ್ತರ. ಪೇಟೆಯ ಸ್ಕ್ಯಾನ್ ಸೆಂಟರ್ ಒಂದರಲ್ಲಿ ಮಗಳಿಗೆ ಕೆಲಸ ಸಿಕ್ಕಂತೆಯೇ ಆಗಿತ್ತು. ಫಲಿತಾಂಶದ ಕಾಗದ ತಂದ ದಿನದಿಂದ ಕೆಲಸ, ತರದಿದ್ದರೆ ಆ ಕುರ್ಚಿ ಬೇರೆಯವರಿಗೆ. ಮುಂದಿನ ಪರೀಕ್ಷೆ ಆರು ತಿಂಗಳ ಆಚೆ. ಆರು ತಿಂಗಳು ಮೊಡವೆ.

ಬೆಳಿಗ್ಗೆ ಹತ್ತರಿಂದ ಹುಡುಗಿಯರು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಹೊರಗೆ, ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಹೋದವರು ಹೊರಗೆ ಬಂದು ಯಾವ ಭಾಗ ಬಂತೆಂದು ಹೇಳುತ್ತಿದ್ದರು. ಚೀಟಿ ಎತ್ತಿ ಭಾಗ ಆರಿಸುವ ಪದ್ಧತಿ.

"ನಂಗೆ ಮಣಿಕಟ್ಟು. ನೀರು ಕುಡಿದಷ್ಟು ಸುಲಭ."

"ಎದೆಯಣ್ಣ ಹೇಗಿದಾನೆ?"

"ಅವನಿಗೇನು, ರಾಜ. 'ಬೆರಳು ಅಗಲಿಸು ಅಂತ ನೀನು ಹೇಳ್ಬೇಕು, ಹೇಳು' ಅಂತ ನನಗೇ ಹೇಳಿಕೊಟ್ಟ."

ಎಲ್ಲರೂ ನಕ್ಕರು. ಇಂಚುಪಟ್ಟಿ ನಗಲಿಲ್ಲ. ಅವಳು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಇದುವರೆಗೆ ಹದಿನಾಲ್ಕು. ಕೆಲವರು ಸರಿಯಾಗಿ ತೆಗೆಯದೆ ಎರಡೆರಡು ಸಲ. ಹನ್ನೊಂದು ವರ್ಷ. ವಿದ್ಯಾರ್ಥಿಗಳ ಎದೆಯ ಮೇಲೆ ಎಷ್ಟು ವಿಕಿರಣ ಬಿತ್ತೆಂದು ಅಳೆಯುವ ಪುಟ್ಟ ಬ್ಯಾಡ್ಜು ಇತ್ತು, ಮೂರು ತಿಂಗಳಿಗೊಮ್ಮೆ ವರದಿ ಬರುತ್ತಿತ್ತು. ಗುಂಡಿ ಒತ್ತಲು ವಿಕಿರಣ ತಡೆಯುವ ಗೋಡೆಯ ಹಿಂದೆ ನಿಲ್ಲುವವರಿಗೆ ಬ್ಯಾಡ್ಜು, ಗೋಡೆಯ ಮುಂದೆ ಮಲಗುವವನಿಗೆ ಏನೂ ಇಲ್ಲ. ಇಷ್ಟು ಸರಳವಾದ ಮೂರ್ಖತನ ತನಗೂ ಮೂರು ವರ್ಷ ಕಾಣಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವಳ ಸರದಿ ಬಂತು. ಒಳಗೆ ಪ್ರಿನ್ಸಿಪಾಲರು, ಹಿರಿಯ ಟೆಕ್ನಿಷಿಯನ್, ಹೊರಗಿನ ಪರೀಕ್ಷಕರು. ಪರೀಕ್ಷಕರು ವೈದ್ಯರು. ದಿನಕ್ಕೆ ನೂರಾರು ಎಕ್ಸ್‌ರೇ ನೋಡಿ ವರದಿ ಬರೆದು ಬರೆದು, ಮನುಷ್ಯರ ಮುಖ ನೋಡುವಾಗಲೂ ಕಣ್ಣು ಕಿರಿದು ಮಾಡುವ ಅಭ್ಯಾಸವಾಗಿತ್ತು ಅವರಿಗೆ. ಅವಳು ಚೀಟಿ ಎತ್ತಿದಳು. ಸೊಂಟದ ಬೆನ್ನುಮೂಳೆ, ಪಕ್ಕದಿಂದ. ಚೀಟಿಯನ್ನು ಇನ್ನೊಮ್ಮೆ ಓದಿದಳು. ಕಷ್ಟವೆಂದಲ್ಲ, ಅದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಮಾಂಸ ಮೂಳೆಗಳ ದಪ್ಪ ದಾಟಿ ಹೋಗಬೇಕಾದ ಚಿತ್ರ ಅದು. ಒಂದೇ ಒಂದು ಸಲ ಗುಂಡಿ ಒತ್ತಿದರೆ ಹತ್ತಾರು ಎದೆಯ ಚಿತ್ರಗಳಷ್ಟು ವಿಕಿರಣ.

"ಮೊದಲು ಒಂದು ಪ್ರಶ್ನೆ," ಎಂದರು ಪರೀಕ್ಷಕರು. "ಎಕ್ಸ್‌ರೇ ಯಾವಾಗ ತೆಗೀಬಾರ್ದು?"

"ವೈದ್ಯರ ಕೋರಿಕೆ ಇಲ್ಲದಾಗ ಸಾರ್. ರೋಗಿಗೆ ಅದರಿಂದ ಪ್ರಯೋಜನ ಇಲ್ಲದಾಗ."

"ಗುಡ್. ಶುರು ಮಾಡು."

ಇದೇ ಪ್ರಶ್ನೆ ಹದಿನಾಲ್ಕು ಜನರಿಗೂ ಕೇಳಿದ್ದರು. ಹದಿನಾಲ್ಕು ಜನರೂ ಇದೇ ಉತ್ತರ ಕೊಟ್ಟು, ಗುಡ್ ಎನಿಸಿಕೊಂಡು, ಹೋಗಿ ಗುಂಡಿ ಒತ್ತಿದ್ದರು.

ಎದೆಯಣ್ಣ ಮೇಜಿನ ಮೇಲೆ ಆಗಲೇ ಎಡಮಗ್ಗುಲಿಗೆ ಮಲಗಿದ್ದ. ಮಂಡಿ ಮಡಚಿ, ಕೈಗಳನ್ನು ತಲೆಯ ಕಡೆಗೆ ಎತ್ತಿ, ಸೊಂಟದ ಕೆಳಗೆ ಸ್ಪಂಜಿನ ದಿಂಬನ್ನು ತಾನೇ ಸರಿಸಿಕೊಂಡು. ಅವಳು ಕೈಯಿಂದ ಸೊಂಟದ ಮೂಳೆಯ ಅಂಚನ್ನು ಹುಡುಕಿದಳು. ಚರ್ಮ ತಣ್ಣಗಿತ್ತು. ಬೆಳಿಗ್ಗೆಯಿಂದ ಅಂಗಿ ಹಾಕಿಕೊಳ್ಳಲು ಅವನಿಗೆ ಬಿಡುವಾಗಿರಲಿಲ್ಲ.

"ಇನ್ನೊಂದು ಬೆರಳು ಮೇಲೆ, ಮಗಳೇ," ಎಂದು ಅವನು ತುಟಿ ಅಲುಗಿಸದೆ ಪಿಸುಗುಟ್ಟಿದ. "ಹಾಂ, ಅಲ್ಲೇ. ಹೋದ ವರ್ಷದವಳು ಅಲ್ಲಿ ತೆಗೆದೇ ಫಸ್ಟ್ ಬಂದಿದ್ದು."

ಕಿರಣ ಬೀಳುವ ಜಾಗ ತೋರಿಸುವ ಬೆಳಕಿನ ಚೌಕ ಅವನ ಪಕ್ಕೆಯ ಮೇಲೆ ಬಿತ್ತು. ಅವಳು ಚೌಕವನ್ನು ಕಿರಿದು ಮಾಡಿದಳು. ಬೆನ್ನ ಹಿಂದೆ ಸೀಸದ ಪಟ್ಟಿ ಇಟ್ಟಳು. ಎಲ್ಲ ಸರಿಯಿತ್ತು. ಗೋಡೆಯ ಹಿಂದೆ ಹೋಗಿ ಒತ್ತುವುದಷ್ಟೇ ಬಾಕಿ. ಅವಳು ಹೋಗದೆ ಅಲ್ಲೇ ನಿಂತಳು.

"ಸಾರ್, ಕೋರಿಕೆ ಚೀಟಿ ಎಲ್ಲಿದೆ?"

"ಯಾವ ಚೀಟಿ?"

"ಇವರಿಗೆ ಈ ಚಿತ್ರ ಬೇಕು ಅಂತ ಬರೆದಿರೋ ಡಾಕ್ಟರ ಚೀಟಿ."

ಪ್ರಿನ್ಸಿಪಾಲರ ಮುಖದ ಬಣ್ಣ ಇಳಿಯಿತು. ಹಿರಿಯ ಟೆಕ್ನಿಷಿಯನ್ ಮೂಗು ಮುರಿದ. "ಇವಳ ತಲೆ ಕೆಟ್ಟಿದೆಯಾ? ಅದು ನಮ್ಮ ಎದೆಯಣ್ಣ ಕಣೇ."

"ನಮ್ಮ ಎದೆಯಣ್ಣನಿಗೆ ಏನಾಗಿದೆ ಅಂತಲೇ ಕೇಳಿದ್ದು."

ಹೇಳಿದ ಮೇಲೆ ಅವಳಿಗೆ ಒಳಗೊಳಗೇ ಒಂದು ಹೆಮ್ಮೆ ಬಂತು. ಮುಚ್ಚಿಡುವುದೇಕೆ, ಬಂತು. ಇಪ್ಪತ್ತನಾಲ್ಕು ಕುರಿಗಳಲ್ಲಿ ತಾನೊಬ್ಬಳೇ ತಲೆ ಎತ್ತಿದವಳು ಎನಿಸಿತು. ಪರೀಕ್ಷಕರು ಕೂಗಾಡುತ್ತಾರೆ, ಪರೀಕ್ಷೆ ನಿಲ್ಲುತ್ತದೆ, ಎದೆಯಣ್ಣ ಅಂಗಿ ಹಾಕಿಕೊಂಡು ಮನೆಗೆ ಹೋಗುತ್ತಾನೆ, ತಾನು ಫೇಲಾದರೂ ತಲೆ ಎತ್ತಿಕೊಂಡು ಮೊಡವೆ ಅಳಿಸುತ್ತೇನೆ ಎಂದೆಲ್ಲ ಎರಡು ಕ್ಷಣದಲ್ಲಿ ಅವಳ ಮನಸ್ಸು ಓಡಿತು.

ಪರೀಕ್ಷಕರು ಕೂಗಾಡಲಿಲ್ಲ. ಕಿರಿದು ಮಾಡಿದ್ದ ಕಣ್ಣು ಅಗಲಿಸಿ ನಕ್ಕರು. "ಶಭಾಷ್. ಇಷ್ಟು ವರ್ಷಕ್ಕೆ ಒಬ್ಬಳಾದ್ರೂ ಕೇಳಿದ್ಲು. ಚೀಟಿ ಬೇಕಾ? ಅದಕ್ಕೇನಂತೆ." ಜೇಬಿನಿಂದ ಪೆನ್ನು ತೆಗೆದು, ಅಂಕಪಟ್ಟಿಯ ಹಿಂದಿದ್ದ ಖಾಲಿ ಹಾಳೆ ಹರಿದು, ಮೊಣಕಾಲ ಮೇಲಿಟ್ಟುಕೊಂಡು ಗೀಚಿದರು. ಸಹಿ ಹಾಕಿ ಚಾಚಿದರು. "ತಗೋ."

ಅವಳು ಓದಿದಳು. ಮೂರು ವಾರದಿಂದ ಬೆನ್ನುನೋವು.

ಕೋರಿಕೆ ಚೀಟಿ ಬಂದ ಮೇಲೆ ರೋಗಿಯನ್ನು ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಇದೂ ಪಾಠದಲ್ಲಿತ್ತು. ಅವಳಿಗೆ ಬೇರೆ ದಾರಿ ತೋಚಲಿಲ್ಲ.

"ನಿಮಗೆ ಬೆನ್ನುನೋವು ಇದೆಯಾ?"

"ಇದೆ, ಇದೆ," ಎಂದ ಎದೆಯಣ್ಣ ಉತ್ಸಾಹದಿಂದ.

"ಎಷ್ಟು ದಿನದಿಂದ?"

ಅವನು ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ಪರೀಕ್ಷಕರ ಕಡೆ ನೋಡಿದ. "ಎಷ್ಟು ದಿನ ಅಂತ ಬರೆದಿದೀರಿ ಸಾರ್?"

ಕೋಣೆಯಲ್ಲಿದ್ದ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಿನ್ಸಿಪಾಲರ ಮುಖಕ್ಕೆ ಮತ್ತೆ ಬಣ್ಣ ಬಂತು. ತನ್ನಿಂದ ಎಲ್ಲರೂ ನಕ್ಕರಲ್ಲ ಎಂದು ಎದೆಯಣ್ಣನೂ ಹಲ್ಲು ಬಿಟ್ಟ.

ಇಂಚುಪಟ್ಟಿ ಅವನ ಕಿವಿಯ ಹತ್ತಿರ ಬಗ್ಗಿ, ದಿಂಬು ಸರಿಪಡಿಸುವ ನೆಪದಲ್ಲಿ ಕೇಳಿದಳು. "ಅಣ್ಣಾ, ಆಗಲ್ಲ ಅಂತ ಒಂದು ಮಾತು ಹೇಳು. ಸಾಕು. ರೋಗಿ ಒಪ್ಪದಿದ್ರೆ ಯಾರೂ ತೆಗೆಯೋ ಹಾಗಿಲ್ಲ."

ಅವನ ನಗು ಅಲ್ಲೇ ಬತ್ತಿತು. "ನಾನ್ಯಾಕೆ ಹೇಳ್ಲಿ? ಹನ್ನೊಂದು ವರ್ಷದಲ್ಲಿ ನನ್ನಿಂದ ಒಬ್ರೂ ಫೇಲಾಗಿಲ್ಲ. ನಿನ್ನಿಂದ ನನಗೆ ಕೆಟ್ಟ ಹೆಸರು ಬರ್ಬೇಕಾ?"

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನೀನು ಒತ್ತದಿದ್ರೆ ಇವರು ನನ್ನ ಬಿಟ್ಬಿಡ್ತಾರಾ? ಇನ್ನೂ ಒಂಬತ್ತು ಜನ ಹೊರಗೆ ಕೂತಿದಾರೆ. ಒಳ್ಳೇದು ಮಾಡೋದಿದ್ರೆ ಬೇಗ ಒತ್ತು. ನನಗೆ ಚಳಿ ಆಗ್ತಿದೆ."

ಅವಳ ಕೈಯಲ್ಲಿ ಚೀಟಿ ಇತ್ತು. ಅದರ ಮೇಲೆ ವೈದ್ಯರ ಸಹಿ ಇತ್ತು. ರೋಗಿ ಹೌದೆಂದಿದ್ದ. ಪಾಠದಲ್ಲಿದ್ದ ಪ್ರತಿಯೊಂದು ನಿಯಮವೂ ಈಗ ಪಾಲನೆಯಾಗಿತ್ತು. ಚೀಟಿಯನ್ನು ಹರಿದು ನೆಲಕ್ಕೆ ಎಸೆಯಬಹುದಿತ್ತು. ಹೊರಗೆ ನಡೆಯಬಹುದಿತ್ತು. ಬಾಗಿಲು ಹತ್ತು ಹೆಜ್ಜೆ, ಗೋಡೆ ನಾಲ್ಕು ಹೆಜ್ಜೆ. ಅವಳು ನಾಲ್ಕು ಹೆಜ್ಜೆ ನಡೆದಳು.

"ಉಸಿರು ಬಿಡಿ. ಹಾಗೇ ಹಿಡಿದುಕೊಳ್ಳಿ."

ಒತ್ತಿದಳು. ಯಂತ್ರ ಗುರ್‌ ಎಂದು ಸುಮ್ಮನಾಯಿತು.

ಪರದೆಯ ಮೇಲೆ ಚಿತ್ರ ಮೂಡಿತು. ಬೆನ್ನೆಲುಬಿನ ಐದು ಮೂಳೆಗಳು ಒಂದರ ಮೇಲೊಂದು, ನಡುವಿನ ಸಂದುಗಳು ಗೆರೆ ಎಳೆದಷ್ಟು ಸ್ಪಷ್ಟ. ಯಾವ ರೋಗವೂ ಇರಲಿಲ್ಲ. "ಪುಸ್ತಕದಲ್ಲಿ ಹಾಕೋ ಹಾಗಿದೆ," ಎಂದರು ಪರೀಕ್ಷಕರು. ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಅಂಕ ಹಾಕಿದರು. ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ ಗಂಭೀರವಾಗಿ, "ಈ ಹುಡುಗಿ ಹೇಳೋದು ಸರಿ. ಚೀಟಿ ಇಲ್ಲದೆ ಪರೀಕ್ಷೆ ನಡೆಸೋದು ನಿಯಮಕ್ಕೆ ವಿರುದ್ಧ. ನಾಳೆ ಯಾರಾದ್ರೂ ಕೇಳಿದ್ರೆ? ಇನ್ನು ಮುಂದೆ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಇರ್ಲಿ," ಎಂದರು.

"ಖಂಡಿತ ಸಾರ್, ಈಗಿಂದೀಗಲೇ," ಎಂದರು ಪ್ರಿನ್ಸಿಪಾಲರು. ಕಾಲೇಜಿನಲ್ಲಿ ಹೊಸ ನಿಯಮ ಹುಟ್ಟಿದಾಗಲೆಲ್ಲ ಅವರಿಗೆ ಮೈಯಲ್ಲಿ ರಕ್ತ ಓಡುತ್ತಿತ್ತು. "ಏಯ್, ನಿನ್ನ ಅಕ್ಷರ ಚೆನ್ನಾಗಿದೆ ಅಲ್ವಾ? ಈ ಮೇಜಿನ ಹತ್ರ ಕೂತ್ಕೋ. ಉಳಿದ ಒಂಬತ್ತು ನೀನೇ ಬರೆದುಬಿಡು, ಸಾರ್ ಸಹಿ ಹಾಕ್ತಾರೆ."

ಅವಳು ನಿಂತೇ ಇದ್ದಳು. ಅಂಕಪಟ್ಟಿ ಇನ್ನೂ ಪರೀಕ್ಷಕರ ಮೊಣಕಾಲ ಮೇಲಿತ್ತು, ಪೆನ್ನಿನ ಮುಚ್ಚಳ ತೆಗೆದೇ ಇತ್ತು.

ಕೂತಳು.

ಹದಿನಾರನೆಯವಳಿಗೆ ತಲೆಬುರುಡೆ. ಇಂಚುಪಟ್ಟಿ ಬಹಳ ಹೊತ್ತು ಯೋಚಿಸಿ ತಲೆನೋವು ಎಂದು ಬರೆದಳು. ಹದಿನೇಳನೆಯವಳಿಗೆ ಮೊಣಕೈ. ಮೆಟ್ಟಿಲಿಂದ ಜಾರಿ ಬಿದ್ದದ್ದು. ಹದಿನೆಂಟಕ್ಕೆ ಎದೆ. ಹತ್ತು ದಿನದಿಂದ ಕೆಮ್ಮು, ಸಂಜೆ ಜ್ವರ. ಸಂಜೆ ಜ್ವರ ಎಂದು ಸೇರಿಸಿದ್ದಕ್ಕೆ ಪರೀಕ್ಷಕರು ತಲೆದೂಗಿದರು. ಇಪ್ಪತ್ತರ ಹೊತ್ತಿಗೆ ಅವಳ ಕೈ ಪಳಗಿತ್ತು. ಯೋಚಿಸಬೇಕಾಗಿರಲಿಲ್ಲ. ಭಾಗದ ಹೆಸರು ಕೇಳುತ್ತಲೇ ನೋವು ತಾನಾಗಿ ಪೆನ್ನಿಗೆ ಇಳಿಯುತ್ತಿತ್ತು.

ಎದೆಯಣ್ಣನಿಗೆ ಈ ಹೊಸ ಪದ್ಧತಿ ಮೊದಲು ಕಿರಿಕಿರಿಯಾಯಿತು, ಆಮೇಲೆ ಹಿಡಿಸಿತು. ವಿದ್ಯಾರ್ಥಿಗಳು ಈಗ ಪ್ರಶ್ನೆ ಕೇಳುತ್ತಿದ್ದರು, ಅವನು ಉತ್ತರ ಹೇಳಬೇಕಿತ್ತು. ಒಂದು ರೋಗ ಇನ್ನೊಂದಕ್ಕೆ ಕಲಸಿ ಹೋಗಬಾರದೆಂದು, ಪ್ರತಿ ಸಲ ಮೇಜು ಹತ್ತುವ ಮೊದಲು ಹೆಗಲ ಮೇಲೆ ಟವೆಲು ಹೊದ್ದು ಅವಳ ಬಳಿ ಬಂದು ಚೀಟಿ ಓದಿಕೊಂಡು ಹೋಗುತ್ತಿದ್ದ.

ಇಪ್ಪತ್ತೆರಡನೆಯ ಚೀಟಿಯನ್ನು ಅವನು ಎರಡು ಸಲ ಓದಿದ.

"ಮಂಡಿನೋವು ಅಂತ ಬರೆದಿದೀಯ. ಯಾವ ಮಂಡಿ ಅಂತ ಬರೆದಿಲ್ಲ. ಕೇಳಿದ್ರೆ ಏನು ಹೇಳ್ಲಿ?"

"ಯಾವುದು ನೋಯುತ್ತೆ?" ಎಂದಳು ಅವಳು, ತಲೆ ಎತ್ತದೆ.

"ನೀನೇ ಹೇಳ್ಬೇಕು."

ಅವಳು ಚೀಟಿ ವಾಪಸು ತೆಗೆದುಕೊಂಡು, ಬಲ ಎಂದು ಸೇರಿಸಿ ಕೊಟ್ಟಳು. ಅವನು ಬಲ, ಬಲ ಎಂದು ಬಾಯಿಪಾಠ ಮಾಡಿಕೊಳ್ಳುತ್ತ, ಬಲಗಾಲನ್ನು ಸ್ವಲ್ಪ ಎಳೆದು ಹಾಕುತ್ತ ಮೇಜಿನ ಕಡೆ ನಡೆದ.