ಮುದ್ರೆಯ ಕೆಳಗಿನ ಬರಹ

ಎಪ್ಪತ್ನಾಲ್ಕರ ಚೈತ್ರ. ಸವಣೂರಿನಲ್ಲಿ ಆ ಬೆಳಗ್ಗೆ ಹೊತ್ತು ಏರುವ ಮೊದಲೇ ಬಿಸಿಗಾಳಿ ಎದ್ದಿತ್ತು. ಎಲೆಬಳ್ಳಿಯ ತೋಟದಲ್ಲಿ ಜಮಾಲಸಾಬ ಸನಿಕೆ ಎತ್ತಿ ಚಿಕ್ಕಪ್ಪನ ಮಗ ಇಸ್ಮಾಯಿಲಸಾಬನ ಭುಜಕ್ಕೆ ಬೀಸಿದ. ಎಲುಬು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ನೆತ್ತರು ಕಾಲುವೆಗೆ ಇಳಿಯಿತು.

"ಬಾವಿ ನಂದು! ನವಾಬರ ಮುದ್ರಿ ಇದ್ದ ಕಾಗದ ಐತಿ!"

"ಓದಿಸಲೇ ಹಂಗಾರ!" ಇಸ್ಮಾಯಿಲಸಾಬ ನೆಲದಿಂದಲೇ ಚೀರಿದ. "ಲೋಬಾನ ಹಾಕಿದ್ದ ಬಂತು, ಒಬ್ಬನರ ಓದ್ಯಾನೇನು? ಅದರಾಗ ನಿಂದಂತ ಇದ್ರ ನೀರು ಬಿಡತೇನಿ. ಇಲ್ಲಂದ್ರ ನಿನ್ನ ರುಂಡ ಬಿಡಂಗಿಲ್ಲ!"

ಮಾತು ಸುಳ್ಳಲ್ಲ. ಕಾಗದದ ತಲೆಯ ಮೇಲೆ ಫಾರ್ಸಿ ಅಕ್ಷರದ ದುಂಡು ಮುದ್ರೆ. ಅದನ್ನು ಕಂಡು ಇಡೀ ಬರಹವೇ ಫಾರ್ಸಿ, ಪವಿತ್ರ ಎಂದು ಜಮಾಲಸಾಬನ ಮನೆಯವರು ನಂಬಿದ್ದರು. ಪ್ರತಿ ಗುರುವಾರ ಲೋಬಾನದ ಹೊಗೆ ತೋರಿಸಿ, ಕಣ್ಣಿಗೊತ್ತಿಕೊಂಡು, ಮತ್ತೆ ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

ಜಮಾಲಸಾಬ ಕಾಗದ ಒಯ್ದು ತೋರಿಸಿದಾಗ ಮಸೀದಿಯ ಮೌಲವಿಗಳು ಮುದ್ರೆ ಓದಿ ನಿಂತುಬಿಟ್ಟರು. "ಮ್ಯಾಲಿಂದಷ್ಟ ಫಾರ್ಸಿ. ಕೆಳಗಿಂದು ನನಗ ಬರೂದಿಲ್ಲ. ರಾಘಣ್ಣನವರ ಕಡೆ ಹೋಗ್ರಿ."

ರಾಘಣ್ಣ ಹಳೆಯ ಕುಲಕರ್ಣಿ ಮನೆತನದ ಮುದುಕ. ಅವರ ಕಟ್ಟೆಗೆ ಇಸ್ಮಾಯಿಲಸಾಬ ಹರಿದ ಲುಂಗಿಯ ತುಂಡಿನಲ್ಲಿ ಪೆಟ್ಟಾದ ತೋಳು ಕಟ್ಟಿಕೊಂಡು ಬಂದ. ಜಮಾಲಸಾಬ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಬಂದ.

"ಇದು ಮೋಡಿ ಲಿಪಿ, ಜಮಾಲ. ಆಗಿನ ಕಚೇರ್ಯಾಗ ಹಿಂಗ ಬರೀತಿದ್ರು. ಬಾಗಲಾ ನೋಡಿ ಒಳಗ ಯಾರಿದ್ದಾರಂತ ಹೇಳಲಿಕ್ಕೆ ಆಗೋದಿಲ್ಲಪಾ."

ರಾಘಣ್ಣ ಬೆರಳಿಟ್ಟು ಓದಿದರು. ಜಮಾಲಸಾಬನ ಅಜ್ಜ ತನ್ನ ಗಂಡುಮಕ್ಕಳಿಬ್ಬರೂ ಕೂಸುಗಳಿದ್ದಾಗ ಬರೆಸಿದ್ದು: ಬಾವಿ ಇಬ್ಬರದು, ನಾಲ್ಕು ದಿನ ಹಿರಿಯನ ತೋಟಕ್ಕೆ ನೀರು, ನಾಲ್ಕು ದಿನ ಕಿರಿಯನ ತೋಟಕ್ಕೆ.

ಜಮಾಲಸಾಬ ಹಿರಿಯನ ಮಗ. ಕುಡುಗೋಲು ಹಿರಿದು ಮುದುಕನ ಗಂಟಲಿಗೆ ಹಿಡಿದ.

"ಸುಳ್ಳ ಓದಾಕತ್ತೀರಿ!"

ಚರ್ಮ ಸೀಳಿ, ಕೆಂಪು ಗೆರೆಯೊಂದು ಜನಿವಾರದವರೆಗೆ ಇಳಿಯಿತು. ರಾಘಣ್ಣ ಕದಲಲಿಲ್ಲ.

"ಕೊಯ್ಯಿ. ಆದ್ರ ಇಲ್ಲಿ ನಿಮ್ಮಜ್ಜನ ಹೆಬ್ಬಟ್ಟು ಅದ. ಇದನ್ನ ಹ್ಯಾಂಗ ಕೊಯ್ತಿ?"

ಜಮಾಲಸಾಬ ಬಗ್ಗಿ ನೋಡಿದ. ಇಷ್ಟು ವರ್ಷ ಕಣ್ಣಿಗೊತ್ತಿಕೊಂಡಿದ್ದು ಇದೇ ಮಸಿಯ ಗುರುತನ್ನು. ಕುಡುಗೋಲನ್ನು ಕೆಳಗಿಳಿಸಿದ. ದೇವರು ಕೆಲವರಿಗೆ ಬುದ್ಧಿಯನ್ನು ತಡವಾಗಿ ಕೊಡುತ್ತಾನೆ, ಕೊಡದೇ ಇರುವುದಿಲ್ಲ.

ಅವನು ಯಾರ ಮುಖವನ್ನೂ ನೋಡದೆ ತೋಟಕ್ಕೆ ನಡೆದ. ಮಂಡಿಯೂರಿ ಕೂತು, ತಾನೇ ಕಟ್ಟಿದ್ದ ಕಾಲುವೆಯ ಒಡ್ಡನ್ನು ಬರಿಗೈಯಿಂದ ಕಿತ್ತ. ನೀರು ತಡವರಿಸಿ, ಆಚೆ ತೋಟದ ಬಾಡಿದ ಬಳ್ಳಿಗಳ ಕಡೆಗೆ ಹೊರಳಿತು.

"ಇವತ್ತಿಂದ ನಾಕ ದಿನ ನಿಂದು, ಇಸ್ಮಾಯಿಲ," ಎಂದ, ಹಿಂದೆಯೇ ಬಂದು ನಿಂತವನಿಗೆ, ತಲೆ ಎತ್ತದೆ.